ಹತ್ತು ಹೆಜ್ಜೆ ಬಲಕ್ಕೆ

ನಮ್ಮಪ್ಪ ಹನ್ನೊಂದು ವರ್ಷ ಯೂದನಾಗಿದ್ದ. ಇಸ್ಕರಿಯೋತ ಯೂದ. 30 ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟನಲ್ಲ, ಅವನೇ.

ಕನಕಪುರದ ಕಡೆ ನಮ್ಮೂರು. ರಾಗಿ, ರೇಷ್ಮೆ, ಮಧ್ಯದಲ್ಲೊಂದು ಚರ್ಚು. ಪ್ರತಿವರ್ಷ ಶುಭ ಶುಕ್ರವಾರಕ್ಕೆ ಊರವರೇ ಸೇರಿ ಯೇಸುವಿನ ಪಾಡಿನ ನಾಟಕ ಆಡ್ತೀವಿ. ಹಾರೋಬೆಲೆಯ ಕಪಾಲಬೆಟ್ಟದಲ್ಲಿ ಆಗುವಂಥ ದೊಡ್ಡ ಆಟ ಅಲ್ಲ ನಮ್ಮದು. ಚರ್ಚಿನ ಮುಂದೆ ಎರಡು ಟ್ರ್ಯಾಕ್ಟರ್ ಟ್ರೇಲರ್ ಜೋಡಿಸಿ ನಿಲ್ಲಿಸಿದರೆ ಅದೇ ವೇದಿಕೆ. ಯೇಸುವಿನ ಪಾತ್ರಕ್ಕೆ ಯಾವಾಗಲೂ ಪೈಪೋಟಿ. ಪಿಲಾತನಿಗೂ ಜನ ಸಿಗ್ತಾರೆ, ಜರಿ ಶಾಲು ಹೊದ್ದು ಕುರ್ಚಿ ಮೇಲೆ ಕೂರೋದಿರುತ್ತಲ್ಲ. ಯೂದ ಮಾತ್ರ ಯಾರಿಗೂ ಬೇಡ. ಮನೆಗೆ ಒಳ್ಳೇದಲ್ಲ ಅನ್ನೋರು. ಅಪ್ಪ ಒಪ್ಪಿಕೊಂಡ, ಸ್ಕೂಲಲ್ಲಿ ನನಗೆ 'ಯೂದನ ಮಗ' ಅಂತ ಹೆಸರು ಬಿತ್ತು.

ಒಂದು ಸಲ ಅಳುತ್ತಾ ಕೇಳಿದ್ದೆ, ಯಾಕಪ್ಪ ಆ ಪಾರ್ಟು ಮಾಡ್ತೀಯ ಅಂತ. ಅಪ್ಪ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ. ತಲೆ ಎತ್ತದೇ ಹೇಳಿದ: "ಯೂದ ದುಡ್ಡು ವಾಪಸ್ ಕೊಟ್ಟ ಕಣ್ಲಾ. ಎಷ್ಟು ಜನ ಕೊಡ್ತಾರೆ ಹೇಳು?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಎಸೆದ ಮ್ಯಾಕೆ ನಾನು ಎಡಗಡೆ ಇಳಿದೋಗಬೇಕು, ಮರ ಇರೋದು ಆ ಕಡೆ. ಸ್ವಾಮಿ ನಿಂತಿರೋದು ಬಲಗಡೆ. ಹತ್ತೇ ಹೆಜ್ಜೆ. ವರ್ಷಾ ವರ್ಷಾ ಅನ್ಸುತ್ತೆ, ಒಂದು ಸಲ ಈ ಕಡೆ ತಿರುಗಿಬಿಡಾನ ಅಂತ. ನಾಟಕದ ಮೇಷ್ಟ್ರು ಬಯ್ತಾರೆ" ಅಂದ.

ಆಗ ಅರ್ಥ ಆಗಲಿಲ್ಲ. ಅರ್ಥ ಆಗೋಕೆ ನಾನೇ ಆ ಪಾರ್ಟು ಮಾಡಬೇಕಾಯ್ತು.

ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಮಾಡಿದ್ದೆವು, ನಾನು ಮತ್ತು ನನ್ನದೇ ಟೀಮಿನ ಗೆಳೆಯ. ಅವನು ಅರಕಲಗೂಡು ಕಡೆಯವನು. ಹೆಸರು ಬರೆಯಲ್ಲ, ಅದನ್ನು ಹಾಳು ಮಾಡಿದ್ದು ಸಾಕು. ನಾವೆಲ್ಲ ಅವನನ್ನು ಶಾನುಭೋಗ ಅಂತಿದ್ವಿ. ಗ್ಯಾಸು, ಹಾಲು, ನೀರಿನ ಕ್ಯಾನು, ಎಲ್ಲದರ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋನು. ತಿಂಗಳ ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಗೆರೆ ಎಳೆದು ತೋರಿಸೋನು. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಹೋಗಿ ಸೀಟಿ ಬದಲು ಪಕ್ಕದಿಂದ ಹಬೆ ಬರ್ತಿತ್ತು. ಪ್ರತಿ ತಿಂಗಳ ಪುಟದ ಕೆಳಗೂ ಅವನ ಅಕ್ಷರದಲ್ಲಿ ಒಂದೇ ಸಾಲು: 'ಹೊಸ ಕುಕ್ಕರ್, ಮುಂದಿನ ತಿಂಗಳು.' ಅವರಮ್ಮ ಊರಿಂದ ಚಟ್ನಿಪುಡಿ ಕಳಿಸಿದರೆ ಎರಡು ಡಬ್ಬಿ, ಒಂದು ಅವನಿಗೆ, ಒಂದು ನನಗೆ.

ಆ ನವೆಂಬರಿನಲ್ಲಿ ಪ್ರೊಡಕ್ಷನ್ ಸರ್ವರಿಗೆ ನನಗಿದ್ದ ಪರ್ಮಿಶನ್ ಅವಧಿ ಮುಗಿದಿತ್ತು. ರಿನ್ಯೂ ಮಾಡಿ ಅಂತ ಹಾಕಿದ ಟಿಕೆಟ್ ಎಲ್ಲೋ ಕೂತಿತ್ತು. ಶುಕ್ರವಾರ ರಾತ್ರಿ ಕೆಲಸ ಮುಗಿಸಲೇಬೇಕು. "ನನ್ನ ಐಡಿ ತಗೋ, ಬೆಳಗ್ಗೆ ಪಾಸ್‌ವರ್ಡ್ ಬದಲಾಯಿಸ್ತೀನಿ" ಅಂತ ಹೇಳಿ ಅವನು ಮಲಗಿದ. ಮಾಡಬಾರದ್ದು, ಎಲ್ಲರೂ ಮಾಡುವಂಥದ್ದು. ಐಟಿಯಲ್ಲಿರೋರಿಗೆ ವಿವರಿಸಬೇಕಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದಿದ್ದವು, ಒಂದು ಟೆಸ್ಟ್ ಸರ್ವರಿನದು, ಒಂದು ಪ್ರೊಡಕ್ಷನ್‌ದು. ರಾತ್ರಿ ಒಂದೂವರೆಗೆ ಹಳೇ ಡೇಟಾ ಅಳಿಸುವ ಸ್ಕ್ರಿಪ್ಟನ್ನು ತಪ್ಪು ಕಿಟಕಿಯಲ್ಲಿ ಓಡಿಸಿದೆ. ಕ್ಲೈಂಟಿನ ಮೂರು ತಿಂಗಳ ಆರ್ಡರುಗಳು ಹೋದವು.

ಅಲ್ಲಿಯವರೆಗೆ ಅದು ಬರೀ ತಪ್ಪು. ಶನಿವಾರ, ಭಾನುವಾರ ಕೂತು ಬ್ಯಾಕಪ್‌ನಿಂದ ಎಲ್ಲ ವಾಪಸ್ ತಂದೆ. ಏನು ಹೋಗಿದೆ ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ಸೋಮವಾರ ವಿಚಾರಣೆ. ಇಡೀ ಟೀಮು ಒಂದೇ ಮೆಷಿನ್ ಮೂಲಕ ಒಳಹೋಗುವ ವ್ಯವಸ್ಥೆ, ಹಾಗಾಗಿ ಲಾಗಿನಲ್ಲಿ ಕಾಣೋದು ಐಡಿ ಮಾತ್ರ. ಐಡಿ ಶಾನುಭೋಗನದು. ಮಲಗಿದ್ದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿಂದ ತರ್ತಾನೆ? ಅವನು, "ಐಡಿ ನನ್ನದೇ, ಆದರೆ ಆವತ್ತು..." ಅಂತ ನಿಲ್ಲಿಸಿ ನನ್ನ ಕಡೆ ನೋಡಿದ. ಆ ಮಾತು ಮುಗಿಸುವ ಅವಕಾಶ ನನಗೆ ಬಿಟ್ಟಿದ್ದ. ನಾನು ಲ್ಯಾಪ್‌ಟಾಪ್ ನೋಡಿದೆ.

ಆಮೇಲೆ ಎಚ್‌ಆರ್‌ನವರು ಪ್ರತ್ಯೇಕ ಕರೆದು ಕೇಳಿದರು. ಅವನು ನಿಮಗೆ ಪಾಸ್‌ವರ್ಡ್ ಕೊಟ್ಟಿದ್ರಾ? ಇಲ್ಲ. ಆ ರಾತ್ರಿ ನೀವು ಕೆಲಸ ಮಾಡ್ತಿದ್ರಾ? ಇಲ್ಲ, ಹನ್ನೊಂದಕ್ಕೇ ಮಲಗಿದೆ.

ಎರಡು ಸಲ. ಪೇತ್ರನ ಹಾಗೆ ಮೂರು ಸಲ ಅಂತ ಬರೆದರೆ ಕಥೆ ಕಟ್ಟಿದ ಹಾಗಾಗುತ್ತೆ, ಎರಡೇ ಸಲ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಅವನಿಂದ ರಾಜೀನಾಮೆ ಬರೆಸಿಕೊಂಡರು. ಅದೇ ವಾರ ನನಗೆ ವಾರಾಂತ್ಯವೆಲ್ಲ ದುಡಿದು ಡೇಟಾ ಉಳಿಸಿದ್ದಕ್ಕೆ ಸ್ಪಾಟ್ ಅವಾರ್ಡು, 5000 ರೂಪಾಯಿಯ ಗಿಫ್ಟ್ ವೋಚರ್. ಅವನು ಎರಡೇ ದಿನದಲ್ಲಿ ರೂಮು ಖಾಲಿ ಮಾಡಿದ. ಜಗಳ ಆಡಲಿಲ್ಲ, ಮಾತೂ ಆಡಲಿಲ್ಲ. ನೋಟ್‌ಬುಕ್ಕಿನ ಕೊನೇ ಪುಟ ಹರಿದು ಟೇಬಲ್ ಮೇಲಿಟ್ಟಿದ್ದ: ಅವನು ನನಗೆ ಕೊಡಬೇಕಾದ್ದು 340 ರೂಪಾಯಿ. ಬಸ್ಸಿನಿಂದಲೇ ಫೋನ್‌ಪೇ ಮಾಡಿದ.

ಹದಿನಾರು ತಿಂಗಳು ಹೀಗೇ ಕಳೆಯಿತು. ಆ ಹದಿನಾರು ತಿಂಗಳು ನಾನು ಎಂದಿಗಿಂತ ಒಳ್ಳೆಯ ಮನುಷ್ಯನಾಗಿದ್ದೆ ಅಂದರೆ ನಂಬ್ತೀರಾ? ಹೊಸದಾಗಿ ಸೇರಿದ ಹುಡುಗರಿಗೆ ತಾಳ್ಮೆಯಿಂದ ಕೆಲಸ ಹೇಳಿಕೊಟ್ಟೆ. ಚರ್ಚಿನ ಕಾಣಿಕೆ ಡಬ್ಬಿಗೆ ಐನೂರರ ನೋಟು ಹಾಕಿದೆ. ತಪಸ್ಸು ಕಾಲದಲ್ಲಿ ನಲವತ್ತು ದಿನ ಮಾಂಸ ಮುಟ್ಟಲಿಲ್ಲ, ಒಂದು ಶುಕ್ರವಾರವೂ ಶಿಲುಬೆಯ ಹಾದಿ ತಪ್ಪಿಸಲಿಲ್ಲ. ಒಂದು ಫೋನ್ ಮಾಡೋದೊಂದನ್ನು ಬಿಟ್ಟು ಎಲ್ಲ ಮಾಡಿದೆ. ವೋಚರನ್ನೂ ಬಳಸಲಿಲ್ಲ. ಆಫೀಸಿನ ಡ್ರಾಯರಿನಲ್ಲಿಟ್ಟು, ಅದನ್ನು ಮುಟ್ಟದಿರುವುದೇ ಒಂದು ಪ್ರಾಯಶ್ಚಿತ್ತ ಅಂದುಕೊಂಡಿದ್ದೆ. ರಾತ್ರಿ ನಿದ್ದೆ ಬರದಿದ್ದಾಗ ಒಳಗೊಳಗೇ ಒಂದು ಸಮಾಧಾನ: ನೋಡು, ನಿನಗೆ ಎಷ್ಟು ನೋಯುತ್ತೆ, ನೀನು ಕೆಟ್ಟವನಲ್ಲ. ಆ ನೋವಿನಲ್ಲಿ ನಾನಿದ್ದೆ, ನನ್ನ ಆತ್ಮ ಇತ್ತು, ನನ್ನ ನಿದ್ದೆ ಇತ್ತು. ಶಾನುಭೋಗ ಇರಲಿಲ್ಲ. ಅವನಿಗೆ ಕೆಲಸ ಸಿಕ್ಕಿತಾ ಅಂತ ಕೂಡ ನಾನು ಯಾರನ್ನೂ ಕೇಳಿರಲಿಲ್ಲ.

ಎರಡನೇ ವರ್ಷದ ತಪಸ್ಸು ಕಾಲದಲ್ಲಿ ಪಾಪನಿವೇದನೆಗೆ ಹೋದೆ. ಕ್ರೈಸ್ತರಲ್ಲದವರಿಗೆ ಒಂದು ಮಾತು: ಕಥೋಲಿಕರಲ್ಲಿ ಗುರುಗಳ ಬಳಿ ಪಾಪ ಹೇಳಿಕೊಂಡರೆ ಅದು ಅವರ ಬಾಯಿಂದ ಹೊರಗೆ ಬರೋ ಹಾಗಿಲ್ಲ, ಕೋರ್ಟು ಕೇಳಿದರೂ. ಆ ಧೈರ್ಯದ ಮೇಲೇ ಹೋಗಿದ್ದು. ಹಿಂದೆ ಉದ್ದ ಕ್ಯೂ ಇತ್ತು, ಬೇಗ ಬೇಗ ಹೇಳಿದೆ. ಹತ್ತು ನಮೋ ಮರಿಯ ಹೇಳು ಅಂತಾರೆ, ಹೇಳಿ ಹೊರಟುಬಿಡೋಣ ಅಂತಿದ್ದೆ. ಫಾದರ್ ಕೇಳಿದರು, "ಅವರು ಈಗ ಎಲ್ಲಿದ್ದಾರೆ?"

"ಗೊತ್ತಿಲ್ಲ ಫಾದರ್."

"ಫೋನ್ ನಂಬರ್ ಇದೆಯಾ?"

"ಇದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ದೇವರು ನಿಮ್ಮನ್ನ ಕ್ಷಮಿಸಿದ್ದಾರೆ ಅಂತ ಹೇಳೋ ಅಧಿಕಾರ ನನಗಿದೆ, ಹೇಳ್ತೀನಿ. ಅವರು ಕ್ಷಮಿಸಿದ್ದಾರೆ ಅಂತ ಹೇಳೋ ಅಧಿಕಾರ ನನಗಿಲ್ಲ. ಅವರ ಹೆಸರು ಇನ್ನೂ ಅಲ್ಲೇ ಕೆಟ್ಟು ಕೂತಿದೆಯಲ್ಲ?"

ಇದು ಆ ಗುರುಗಳ ಸ್ವಂತ ಕಟ್ಟುನಿಟ್ಟು ಅಂದುಕೊಂಡೆ. ಅಲ್ಲ. 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1459ನೇ ಕಂಡಿಕೆ ಇದನ್ನೇ ಹೇಳುತ್ತೆ. ಪಾಪಕ್ಕೆ ಕ್ಷಮೆ ಸಿಕ್ಕರೂ ಪಾಪದಿಂದ ಆದ ಹಾನಿ ತಾನಾಗಿ ಸರಿಹೋಗಲ್ಲ. ಕದ್ದಿದ್ದರೆ ವಾಪಸ್ ಕೊಡಬೇಕು, ಯಾರದಾದರೂ ಹೆಸರು ಕೆಡಿಸಿದ್ದರೆ ಆ ಹೆಸರನ್ನು ಮತ್ತೆ ನಿಲ್ಲಿಸಬೇಕು. ಚಿಕ್ಕಂದಿನಿಂದ ಉಪದೇಶದ ಕ್ಲಾಸಿಗೆ ಹೋದವನು ನಾನು. ನಮೋ ಮರಿಯ ನೆನಪಿತ್ತು, ಇದು ಮರೆತುಹೋಗಿತ್ತು.

ಮರುದಿನವೇ ಮ್ಯಾನೇಜರ್ ಹತ್ತಿರ ಹೋದೆ. ಅವನ ಹತ್ತಿರ ಅಲ್ಲ, ಮ್ಯಾನೇಜರ್ ಹತ್ತಿರ. ಇದನ್ನು ಗಮನಿಸಿ. ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. "ಒಂದೂವರೆ ವರ್ಷದ ಹಿಂದಿನದು. ಆ ಕ್ಲೈಂಟೇ ಇಲ್ಲ ಈಗ. ನೀನು ಟೀಮ್ ಲೀಡ್ ಆಗೋ ಹೊತ್ತಲ್ಲಿ ಇದೇನಪ್ಪ? ನಾಲ್ಕು ದಿನ ರಜ ಹಾಕಿ ಊರಿಗೆ ಹೋಗಿ ಬಾ" ಅಂದರು. ನಿಜ ಹೇಳ್ತೀನಿ, ನನಗೆ ಎದೆ ಹಗುರಾಯ್ತು. ಹೇಳೋದು ಹೇಳಿಯಾಯ್ತು, ಅವರೇ ಬೇಡ ಅಂದರು, ಇನ್ನು ನನ್ನ ತಪ್ಪೇನಿದೆ?

ಊರಿಗೆ ಹೋದೆ. ಶುಭ ಶುಕ್ರವಾರ. ಅಪ್ಪನಿಗೆ ಅದು ಕೊನೇ ವರ್ಷ, ಮಂಡಿ ನೋವು. ಯೂದ ಮಹಾಯಾಜಕರ ಹತ್ತಿರ ಓಡಿ ಬಂದು, ನಿರಪರಾಧಿಯನ್ನು ಹಿಡಿದುಕೊಟ್ಟೆ, ಪಾಪ ಮಾಡಿದೆ ಅಂತ ಗೋಳಾಡುತ್ತಾನೆ. ಅದಕ್ಕೆ ನಮಗೇನು, ನೀನುಂಟು ಅದುಂಟು ಅಂತ ಅವರು ಮುಖ ತಿರುಗಿಸ್ತಾರೆ. ಟ್ರೇಲರಿನ ಮುಂದೆ ಚಾಪೆ ಮೇಲೆ ಕೂತಿದ್ದ ನನಗೆ ಬೆನ್ನಿನ ಮೇಲೆ ತಣ್ಣೀರು ಸುರಿದ ಹಾಗಾಯ್ತು. ಇದೇ ಮಾತನ್ನು ನಾನು ಸೋಮವಾರ ಏಸಿ ರೂಮಿನಲ್ಲಿ ಕೇಳಿಸಿಕೊಂಡು ಬಂದಿದ್ದೆ.

ಆ ರಾತ್ರಿ ಮತ್ತಾಯನ ಶುಭಸಂದೇಶ ತೆಗೆದು ಮತ್ತೆ ಓದಿದೆ. ಯೂದ ಏನು ಕಡಿಮೆ ಮಾಡಿದ? ಪಶ್ಚಾತ್ತಾಪಪಟ್ಟ. ಬಾಯಿಬಿಟ್ಟು ತಪ್ಪೊಪ್ಪಿಕೊಂಡ. ದುಡ್ಡನ್ನು ದೇವಾಲಯದೊಳಗೆ ಎಸೆದ. ಆ 30 ನಾಣ್ಯ ಸುಮಾರು ನಾಲ್ಕು ತಿಂಗಳ ದಿನಗೂಲಿ ಅಂತ ಪಂಡಿತರು ಲೆಕ್ಕ ಹಾಕ್ತಾರೆ, ಚಿಲ್ಲರೆ ಏನಲ್ಲ. ಆ ಯಾಜಕರ ನಾಜೂಕು ನೋಡಿ: ಮನುಷ್ಯನನ್ನು ಕೊಳ್ಳೋಕೆ ಆ ದುಡ್ಡು ಕೊಡಬಹುದು, ಆದರೆ ವಾಪಸ್ ಬಂದಾಗ ಅದು ರಕ್ತದ ದುಡ್ಡು, ದೇವಾಲಯದ ಭಂಡಾರಕ್ಕೆ ಹಾಕೋ ಹಾಗಿಲ್ಲ! ಪರದೇಶಿಗಳನ್ನು ಹೂಳೋಕೆ ಅಂತ ಕುಂಬಾರನ ಹೊಲ ಕೊಂಡರಂತೆ. ನಮ್ಮ ಕಂಪ್ಲಯನ್ಸ್ ಡಿಪಾರ್ಟ್‌ಮೆಂಟಿನ ಮೂಲಪುರುಷರು.

ಯೂದನದು ಬರೀ ಪರಿತಾಪ, ಪೇತ್ರನದು ನಿಜವಾದ ಮನಪರಿವರ್ತನೆ ಅಂತ ಪ್ರಸಂಗಗಳಲ್ಲಿ ಕೇಳಿದ್ದೆ. ಯೂದನಿಗೆ ಬಳಸಿರುವ ಗ್ರೀಕ್ ಕ್ರಿಯಾಪದವೇ ಬೇರೆ, ಅದರಲ್ಲಿ 'ಮೆಟನೋಯಿಯ' ಇಲ್ಲ ಅಂತ ಅದಕ್ಕೆ ಆಧಾರ ಕೊಡ್ತಾರೆ. ನನಗೆ ಇದು ಅಷ್ಟು ಸಲೀಸಾಗಿ ಒಪ್ಪಿಗೆ ಆಗಲ್ಲ. ಯಾಕಂದರೆ ಅದೇ ಕ್ರಿಯಾಪದ ಮತ್ತಾಯನಲ್ಲೇ ಇನ್ನೊಂದು ಕಡೆ ಒಳ್ಳೆಯ ಅರ್ಥದಲ್ಲಿ ಬರುತ್ತೆ. ದ್ರಾಕ್ಷಿತೋಟಕ್ಕೆ ಹೋಗು ಅಂದ ಅಪ್ಪನಿಗೆ, ಹೋಗಲ್ಲ ಅಂತ ಹೇಳಿ, ಆಮೇಲೆ ಮನಸ್ಸು ಬದಲಾಯಿಸಿದ ಮಗನ ಕಥೆಯಲ್ಲಿ. ಒಳಗಿನ ಸಂಕಟಕ್ಕೆ ಇಬ್ಬರಿಗೂ ಒಂದೇ ಪದ. ಆದರೆ ಆ ಮಗ ಎದ್ದು ತೋಟಕ್ಕೆ ಹೋದ, ಯೂದ ಮರಕ್ಕೆ ಹೋದ. ಕಾಲು ಯಾವ ಕಡೆ ನಡೆಯಿತು ಅನ್ನೋದಷ್ಟೇ ವ್ಯತ್ಯಾಸ. ಅಪ್ಪನಿಗೆ ಗ್ರೀಕ್ ಬರಲ್ಲ, ಟ್ರೇಲರ್ ಮೇಲೆ ನಿಂತು ಗೊತ್ತಾಗಿತ್ತು.

ಶನಿವಾರ ಬೆಳಗ್ಗೆ ಫೋನ್ ಮಾಡಿದೆ. ಮೈಸೂರಲ್ಲಿದ್ದೀನಿ, ಬಾ ಅಂದ, ಅಷ್ಟೇ.

ರೈಲ್ವೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಕೂತೆವು. ಒಂಚೂರು ಸೊರಗಿದ್ದ. ನಾನು ರೈಲಿನಲ್ಲಿ ತಯಾರು ಮಾಡಿಕೊಂಡು ಬಂದಿದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ನನಗೆ ಆವತ್ತೇ ಗೊತ್ತಿತ್ತಲ್ಲೋ. ಇದನ್ನ ಹೇಳೋಕೆ ಬಂದ್ಯಾ?"

"ಕ್ಷಮೆ ಕೇಳೋಣ ಅಂತ..."

"ಯಾಕೆ ಈಗ? ನಿನಗೆ ಹಗುರಾಗಲಿ ಅಂತಾನಾ?"

ಉತ್ತರ ಇರಲಿಲ್ಲ. ಅವನೇ ಹೇಳಿದ. ಎಂಟು ತಿಂಗಳು ಕೆಲಸ ಸಿಗಲಿಲ್ಲ. ಎರಡು ಕಡೆ ಇಂಟರ್‌ವ್ಯೂ ಪಾಸಾಗಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಹೋಯ್ತು. ಈಗ ಇರೋದು ಸಣ್ಣ ಕಂಪನಿ, ಮೊದಲಿನ ಸಂಬಳದ ಅರ್ಧ. ಊರಲ್ಲಿ ಕಂಪನಿಯೋರು ಓಡಿಸಿದರಂತೆ ಅಂತ ಸುದ್ದಿ. ಒಂದು ಹೆಣ್ಣಿನ ಕಡೆಯವರು ಬಂದು ಹೋದವರು ಮತ್ತೆ ಬರಲಿಲ್ಲ. ಇದನ್ನೆಲ್ಲ ಅವನು ದೂರಿನ ಹಾಗೆ ಹೇಳಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಓದ್ತಿದ್ದನಲ್ಲ, ಹಾಗೇ ಒಂದೊಂದಾಗಿ ಓದಿದ.

"ಕ್ಷಮೆ ಗಿಮೆ ಆಮೇಲೆ. ಎರಡು ಕೆಲಸ ಮಾಡು. ಕಂಪನಿಯಿಂದ ನನಗೆ ಲೆಟರ್ ಕೊಡಿಸು, ಬರಹದಲ್ಲಿ. ಮತ್ತೆ ಅಮ್ಮನಿಗೆ ಹೇಳು. ನಾನು ಏನೋ ಕದ್ದಿದ್ದೀನಿ ಅಂದುಕೊಂಡಿದ್ದಾಳೆ. ಬಾಯಿಬಿಟ್ಟು ಕೇಳಲ್ಲ, ಆದರೆ ಹಾಗೇ ಅಂದುಕೊಂಡಿದ್ದಾಳೆ."

ಅಲ್ಲೇ ನಂಬರ್ ಒತ್ತಿ, ಫೋನನ್ನು ನನ್ನ ಮುಂದೆ ತಳ್ಳಿದ. ಕಾಫಿ ಲೋಟಗಳ ಮಧ್ಯೆ ಸ್ಪೀಕರ್ ಹಾಕಿ ಹೇಳಿದೆ. ನಾನಮ್ಮ, ರೂಮಲ್ಲಿದ್ದವನು. ತಪ್ಪು ನಂದು. ಇವನದೇನೂ ಇಲ್ಲ. ಸುಳ್ಳು ಹೇಳಿದೆ. ಆ ಕಡೆ ಎಲ್ಲೋ ಕೋಳಿ ಕೂಗ್ತಿತ್ತು. ಹಳ್ಳಿ ಮನೆ, ಹಗಲು ಹನ್ನೊಂದಾದರೂ ಕೂಗುತ್ತವೆ, ಅದಕ್ಕೆ ವಿಶೇಷ ಅರ್ಥ ಏನೂ ಇಲ್ಲ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು:

"ಆವತ್ತು ನಾನು ನಿಂಗೇ ಫೋನ್ ಮಾಡಿ ಕೇಳಿದ್ನಲ್ಲಪ್ಪ."

ಕಟ್ ಮಾಡಿದರು.

ಹೌದು, ಕೇಳಿದ್ದರು. ಅವನು ರೂಮು ಬಿಟ್ಟ ಮೂರನೇ ದಿನ. ನನ್ನ ಮಗ ಏನು ಮಾಡಿಕೊಂಡ ಹೇಳಪ್ಪ, ಅವನು ಬಾಯಿ ಬಿಡ್ತಿಲ್ಲ ಅಂತ. ನನಗೆ ಸರಿಯಾಗಿ ಗೊತ್ತಿಲ್ಲಮ್ಮ, ಏನೋ ಆಫೀಸ್ ವಿಷಯ ಅಂದಿದ್ದೆ. ಅದು ನನಗೆ ಅಷ್ಟು ಪೂರ್ತಿಯಾಗಿ ಮರೆತುಹೋಗಿತ್ತು. ಎರಡೇ ಸಲ ಅಂತ ಲೆಕ್ಕ ಇಟ್ಟುಕೊಂಡಿದ್ದೆನಲ್ಲ, ಮೂರನೆಯದು ಅದು.

ವಾಪಸ್ ಬರುವ ರೈಲಿನಲ್ಲಿ ಪೇತ್ರನ ನೆನಪು. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಬೆಂಕಿ ಕಾಯಿಸ್ತಾ ನಿಂತವನನ್ನು ಒಬ್ಬ ಕೆಲಸದ ಹುಡುಗಿ ಗುರುತು ಹಿಡೀತಾಳೆ. ಅವನು ಇಲ್ಲ ಇಲ್ಲ ಅಂದರೂ, ನಿನ್ನ ಮಾತಿನ ಧಾಟಿಯೇ ಹೇಳುತ್ತೆ ನೀನು ಗಲಿಲಾಯದವನು ಅಂತ ಪಕ್ಕದವರು ಬಿಡಲ್ಲ. ಕನಕಪುರದವನಾದ ನನಗೆ ಬೆಂಗಳೂರಲ್ಲಿ ಇದರ ಅನುಭವ ಚೆನ್ನಾಗಿದೆ. ಮೂರು ಸಲ ಗೊತ್ತಿಲ್ಲ ಅಂದ ಮೇಲೆ ಕೋಳಿ ಕೂಗಿತು, ಯೇಸು ತಿರುಗಿ ಅವನನ್ನು ನೋಡಿದ ಅಂತ ಲೂಕ ಬರೀತಾನೆ. ಪೇತ್ರ ಹೊರಗೆ ಹೋಗಿ ಅತ್ತ. ಆದರೆ ಕಣ್ಣೀರಿಗೇ ಕಥೆ ಮುಗಿಯಲಿಲ್ಲ. ಯೊವಾನ್ನನ ಶುಭಸಂದೇಶದಲ್ಲಿ ಆ ಅಂಗಳದ ಬೆಂಕಿಗೆ ಬಳಸಿರುವ ಇದ್ದಿಲ ಕೆಂಡ ಅನ್ನೋ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಕಡೆ ಬರುತ್ತೆ. ಯೇಸು ಪುನರುತ್ಥಾನವಾದ ಮೇಲೆ, ಬೆಳಗಿನ ಜಾವ, ಕೆರೆಯ ದಡದಲ್ಲಿ ಶಿಷ್ಯರಿಗೆ ಮೀನು ಸುಡುತ್ತಾ ಕೂತಿರುವ ಜಾಗದಲ್ಲಿ. ದೋಣಿ ಇನ್ನೂ ದಡ ಮುಟ್ಟಿಲ್ಲ, ಪೇತ್ರ ನೀರಿಗೆ ಹಾರಿ ಮುಂದೆ ಬಂದುಬಿಟ್ಟ. ಅದೇ ಇದ್ದಿಲ ವಾಸನೆ. ಯಾಕೆ ಹಾಗೆ ಮಾಡಿದೆ ಅಂತ ಯೇಸು ಕೇಳಲ್ಲ. ಮೊದಲು ಊಟ ಹಾಕ್ತಾನೆ, ಆಮೇಲೆ ನನ್ನ ಮೇಲೆ ಪ್ರೀತಿ ಇದೆಯಾ ಅಂತ ಕೇಳ್ತಾನೆ, ಮೂರು ಸಲ. ಮೂರನೇ ಸಲ ಪೇತ್ರನಿಗೆ ನೋವಾಯ್ತಂತೆ. ಆಗದೇ ಇರುತ್ತಾ? ನನಗೆ ಶಾನುಭೋಗನ ಹೋಟೆಲು ಟೇಬಲ್ಲು ಆ ಕೆಂಡ. ಅಲ್ಲಿ ಯೇಸು ಇದ್ದ, ಕ್ಷಮಿಸಿದ. ಇಲ್ಲಿ ಇದ್ದವನು ಮನುಷ್ಯ, ಕ್ಷಮಿಸಲೇಬೇಕು ಅಂತ ಅವನಿಗೇನೂ ಇಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸ್ತೀನಿ. ಎಚ್‌ಆರ್‌ಗೆ ಬರಹದಲ್ಲಿ ಕೊಟ್ಟೆ. ಒಂದು ತಿಂಗಳು ವಿಚಾರಣೆ ಆಯ್ತು, ಈ ಸಲ ರಾಜೀನಾಮೆ ನನ್ನಿಂದ ಬರೆಸಿಕೊಂಡರು. ಶಾನುಭೋಗನಿಗೆ ಐದು ಸಾಲಿನ ಪತ್ರ ಹೋಯ್ತು, ಹಿಂದಿನ ದಾಖಲೆ ತಿದ್ದಲಾಗಿದೆ ಅಂತ. ಅವನು ಅದನ್ನು ನನಗೆ ಫಾರ್ವರ್ಡ್ ಮಾಡಿದ, ಜೊತೆಗೆ ಒಂದಕ್ಷರ ಬರೆದಿರಲಿಲ್ಲ. ನಾಲ್ಕು ತಿಂಗಳು ಊರಲ್ಲಿ ಹುಳು ಮೇಯಿಸಿಕೊಂಡಿದ್ದು, ಆಮೇಲೆ ಎರಡು ಮೆಟ್ಟಿಲು ಕೆಳಗಿನ ಒಂದು ಕೆಲಸಕ್ಕೆ ಸೇರಿದೆ.

ಊರಲ್ಲಿದ್ದಾಗ ಅಪ್ಪನಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ್ದೆ. ಫ್ರಾನ್ಸಿನ ವೆಜಲೆ ಅನ್ನೋ ಊರಿನ 12ನೇ ಶತಮಾನದ ಚರ್ಚಿನಲ್ಲಿ ಕಂಬದ ತಲೆಯ ಮೇಲೆ ಕೆತ್ತಿದ ಶಿಲ್ಪ. ಒಂದು ಬದಿಯಲ್ಲಿ ನೇಣಿನಲ್ಲಿ ತೂಗುತ್ತಿರುವ ಯೂದ. ಇನ್ನೊಂದು ಬದಿಯಲ್ಲಿ ಒಬ್ಬ ಅವನ ಹೆಣವನ್ನು, ಕಳೆದುಹೋದ ಕುರಿಯನ್ನು ಹೊತ್ತ ಕುರುಬನ ಹಾಗೆ, ಹೆಗಲ ಮೇಲೆ ಹಾಕಿಕೊಂಡು ನಡೀತಿದ್ದಾನೆ. ಆ ಹೊತ್ತವನು ಯೇಸುವೇ ಇರಬೇಕು ಅಂತ ಪೋಪ್ ಫ್ರಾನ್ಸಿಸ್ ಹೇಳ್ತಿದ್ದರು. ಎಲ್ಲರೂ ಒಪ್ಪುತ್ತಾರೆ ಅಂತಲ್ಲ. ಅಪ್ಪ ಕನ್ನಡಕ ಹಾಕಿಕೊಂಡು, ಚಿತ್ರ ದೊಡ್ಡದು ಮಾಡಿಸಿಕೊಂಡು ಬಹಳ ಹೊತ್ತು ನೋಡಿದ.

"ಹಂಗಾರೆ ಸ್ವಾಮಿಯೋರೇ ಎಡಗಡೆಗೆ ಬಂದವ್ರೆ ಅನ್ನು."

ಹೋದ ತಿಂಗಳು ಶಾನುಭೋಗ ಫೋನ್ ಮಾಡಿದ್ದ. ಯಾವುದೋ ಹಳೇ ಪಿಎಫ್ ಫಾರಂ ವಿಷಯ. ಕ್ಷಮಿಸಿದೆ ಅಂತ ಅವನು ಇವತ್ತಿಗೂ ಹೇಳಿಲ್ಲ, ನಾನೂ ಕೇಳಿಲ್ಲ. ಫಾರಂ ಮಾತು ಮುಗಿದ ಮೇಲೆ, ಇಟ್ಟುಬಿಡ್ತಾನೆ ಅಂದುಕೊಂಡೆ, ಇಡಲಿಲ್ಲ.

"ಲೋ, ಆವತ್ತು ನಿನಗೆ ಒಂದು ವೋಚರ್ ಕೊಟ್ಟಿದ್ರಲ್ಲ, ಐದು ಸಾವಿರದ್ದು. ಏನ್ ತಗೊಂಡೆ?"

"ಏನೂ ಇಲ್ಲ ಕಣೋ. ಡ್ರಾಯರಲ್ಲೇ ಇಟ್ಟಿದ್ದೆ. ಒಂದು ವರ್ಷಕ್ಕೆ ಎಕ್ಸ್‌ಪೈರ್ ಆಯ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ಕಡೆಯಿಂದ ಹಳೇ ಶಾನುಭೋಗನ ದನಿ ಬಂತು:

"ಥೂ ನಿನ್ನ. ಒಂದು ಕುಕ್ಕರ್ ಆದ್ರೂ ತಗೋಬಾರ್ದಿತ್ತೇನೋ."